ಉದ್ದ ಶಾಫ್ಟಿನ ಅರ್ಧದ ಲೆಕ್ಕ



ಬ್ಯಾಂಕಿನ ಗುಮಾಸ್ತನಿಗೂ ಲೇಥ್ ಯಂತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನು ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿದವನು, ಟರ್ನರ್ ಅಲ್ಲ. ಆದರೆ ಸೊಲ್ಲಾಪುರದ ಶಾಖೆಯಲ್ಲಿ ನನ್ನ ಮೇಜಿಗೆ ಬರುತ್ತಿದ್ದ ಸಾಲದ ಕಾಗದಗಳಲ್ಲಿ ಹೆಚ್ಚಿನವು ಎರಡೇ ಬಗೆಯವು. ಒಂದು ಚಾದರು, ಟವೆಲ್ ನೇಯುವ ಪವರ್‌ಲೂಮ್ ಮಗ್ಗಗಳದು. ಇನ್ನೊಂದು ಆ ಮಗ್ಗಗಳ ರಿಪೇರಿ ಮಾಡುವ ಲೇಥ್ ಅಂಗಡಿಗಳದು. ಇವೆರಡರ ನಡುವೆ ಒಮ್ಮೆ ಒಂದು ತಕರಾರು ಬಂತು. ಅದನ್ನು ಬಿಡಿಸಲು ಹೋಗಿ ನಾನು ಕಲಿತ ಒಂದು ಲೆಕ್ಕವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ನಮ್ಮ ಅಕ್ಕಲಕೋಟೆ, ಜತ್ತ ಕಡೆಯ ಎಷ್ಟೋ ಮಕ್ಕಳು ಐಟಿಐ ಕಲಿತು ಲೇಥಿನ ಮುಂದೆ ನಿಂತಿದ್ದಾರೆ. ಅವರ ಕೆಲಸ ಎಂಥದು ಎಂಬುದು ಮನೆಯ ಹಿರಿಯರಿಗೂ ತಿಳಿಯಲಿ ಎಂಬುದು ನನ್ನ ಆಸೆ.

1994ರ ಮಾತು. ಅಕ್ಕಲಕೋಟೆ ತಾಲೂಕಿನ ನಮ್ಮವರೊಬ್ಬರು ನಮ್ಮ ಶಾಖೆಯಿಂದ ಸಾಲ ಪಡೆದು ಎರಡು ಮಗ್ಗ ಹಾಕಿದ್ದರು. ಒಂದು ಮಗ್ಗದ ಕೆಳಗಿನ ಶಾಫ್ಟ್ ಮುರಿಯಿತು. ಲಾಳಿ ಮಗ್ಗದಲ್ಲಿ ಎರಡು ಉದ್ದ ಶಾಫ್ಟ್‌ಗಳಿರುತ್ತವೆ. ಮೇಲಿನ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದರೆ ಕೆಳಗಿನದು ಒಂದು ಸುತ್ತು ತಿರುಗುತ್ತದೆ. ಲಾಳಿಯನ್ನು ಅತ್ತಿಂದಿತ್ತ ಹೊಡೆಯುವ ಕ್ಯಾಮ್‌ಗಳು ಇರುವುದು ಈ ಕೆಳಗಿನ ಶಾಫ್ಟಿನ ಮೇಲೆ. ಅದು ನಿಂತರೆ ಮಗ್ಗವೇ ನಿಂತಂತೆ. ಅವರು ಒಂದು ಲೇಥ್ ಅಂಗಡಿಯಲ್ಲಿ ಹೊಸ ಶಾಫ್ಟ್ ಮಾಡಿಸಿ ಹಾಕಿದರು. ಎರಡು ವಾರವೂ ನಡೆಯಲಿಲ್ಲ. ಬುಶ್ ಬದಲಿಸಿದರು, ಮತ್ತೆ ಅದೇ ಕಥೆ. ಹೀಗೆ ಎರಡು ಕಂತು ಬಾಕಿ ಬಿತ್ತು. ನೋಟೀಸು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನೋಟೀಸು ಹಿಡಿದು ಅವರೇ ಶಾಖೆಗೆ ಬಂದರು. "ಸಾಹೇಬ್ರ, ಕಂತ ತುಂಬಬಾರದಂತ ಅಲ್ರಿ. ಮಗ್ಗ ನಿಂತೈತಿ. ಶಾಫ್ಟಿನ ಒಂದ್ ಕಡೆ ಬುಶ್ ಕೈ ಇಡಲಾರದಷ್ಟು ಕಾಯ್ತದ, ಇನ್ನೊಂದ್ ಕಡೆ ಗಡಗಡ ಅಂತದ. ಲೇಥಿನವ್ರು ಕಬ್ಬಿಣ ಸರಿ ಇಲ್ಲ ಅಂತಾರ, ಕಬ್ಬಿಣದ ಅಂಗಡಿಯವ್ರು ಲೇಥಿನವ್ರ ಕಡೆ ಕೈ ತೋರಸ್ತಾರ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅಂದು ಸಂಜೆ ಅವರ ಜೊತೆ ಆ ಶಾಫ್ಟನ್ನು ಹೊತ್ತುಕೊಂಡು, ನನಗೆ ಪರಿಚಯವಿದ್ದ ಒಬ್ಬ ಹಿರಿಯ ಮಿಸ್ತ್ರಿಯ ಅಂಗಡಿಗೆ ಹೋದೆ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು.

ಕಾಕಾ ಮೈಕ್ರೋಮೀಟರ್ ತೆಗೆದು ಶಾಫ್ಟಿನ ಎರಡೂ ತುದಿಯನ್ನು ಅಳೆದರು. ಒಂದು ತುದಿ 40.06 ಮಿಲಿಮೀಟರ್, ಇನ್ನೊಂದು ತುದಿ 39.86. ಎರಡಕ್ಕೂ ನಡುವಿನ ಅಂತರ 0.20, ಅಂದರೆ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲು. ಕಣ್ಣಿಗೆ ಕಾಣುವಂಥದಲ್ಲ. ಆದರೆ ಇಂಥ ಬುಶ್ ಮತ್ತು ಶಾಫ್ಟಿನ ನಡುವೆ ಎಣ್ಣೆಗೆಂದು ಬಿಡುವ ಸಂದು ಸಾಮಾನ್ಯವಾಗಿ ವ್ಯಾಸದ ಸಾವಿರದ ಒಂದು ಪಾಲಿನಷ್ಟು. 40 ಮಿಲಿಮೀಟರ್ ಶಾಫ್ಟಿಗೆ ಅದು 0.04. ಅದರ ಐದು ಪಟ್ಟು ವ್ಯತ್ಯಾಸವಿದ್ದರೆ ಒಂದು ಕಡೆ ಬಿಗಿದು ಕಾಯುತ್ತದೆ, ಇನ್ನೊಂದು ಕಡೆ ಸಡಿಲಾಗಿ ಗಡಗಡ ಎನ್ನುತ್ತದೆ.

"ಇದು ಕಬ್ಬಿಣದ ತಪ್ಪಲ್ರಿ ಸಾಹೇಬ್ರ. ಕಡಿಯೂದರ ತಪ್ಪೂ ಅಲ್ಲ. ಹಿಡದದ್ದು ತಪ್ಪೈತಿ" ಎಂದರು ಕಾಕಾ. "ಆ ಲೇಥಿನ ಟೇಲ್‌ಸ್ಟಾಕ್ ಹತ್ತು ಗೆರಿ ಮುಂದ ಬಂದಿರಬೇಕು."

ಲೇಥನ್ನೇ ನೋಡದೆ, ಶಾಫ್ಟನ್ನು ಮಾತ್ರ ಅಳೆದು ಹತ್ತು ಗೆರೆ ಎಂದು ಅವರು ಹೇಗೆ ಹೇಳಿದರು? ಅದನ್ನು ತಿಳಿಯಲು ಲೇಥ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ.

ನಮ್ಮ ಮನೆಗಳಲ್ಲಿ ಮಜ್ಜಿಗೆ ಕಡೆಯುವ ಕಡೆಗೋಲನ್ನು ನೆನಪಿಗೆ ತಂದುಕೊಳ್ಳಿ. ಕಂಬಕ್ಕೆ ಕಟ್ಟಿದ ಹಗ್ಗದ ಕುಣಿಕೆಯಲ್ಲಿ ಕಡೆಗೋಲು ನೆಟ್ಟಗೆ ನಿಂತು ತಿರುಗುತ್ತದೆ. ಒಂದು ಕುಣಿಕೆ ಸರಿದರೆ ಕೋಲು ಓರೆಯಾಗುತ್ತದೆ. ಲೇಥಿನಲ್ಲಿ ಇದೇ ಕಡೆಗೋಲನ್ನು ಅಡ್ಡ ಮಲಗಿಸಿದಂತೆ. ಎಡಗಡೆ ಹೆಡ್‌ಸ್ಟಾಕ್ ಇದೆ. ಅದು ಶಾಫ್ಟನ್ನು ತಿರುಗಿಸುತ್ತದೆ. ಬಲಗಡೆ ಟೇಲ್‌ಸ್ಟಾಕ್ ಇದೆ. ಅದರ ಮೊನಚಾದ ಸೆಂಟರ್ ಶಾಫ್ಟಿನ ಇನ್ನೊಂದು ತುದಿಯ ಗುಳಿಯಲ್ಲಿ ಕೂತು ಆಧಾರ ಕೊಡುತ್ತದೆ. ಇವೆರಡನ್ನೂ ಹೊತ್ತ ಉದ್ದನೆಯ ಎರಕದ ಕಬ್ಬಿಣದ ಹಾಸಿಗೆ ಬೆಡ್. ಬೆಡ್ಡಿನ ಮೇಲೆ ಕ್ಯಾರೇಜ್ ಓಡಾಡುತ್ತದೆ. ಅದರ ಮೇಲೆ ಕೂತ ಟೂಲ್ ಕಬ್ಬಿಣವನ್ನು ಕಡೆಯುತ್ತದೆ.

ಟೂಲ್ ಓಡುವ ದಾರಿ ಒಂದು ನೇರ ಗೆರೆ. ಶಾಫ್ಟಿನ ಎರಡು ಸೆಂಟರುಗಳ ನಡುವಿನದು ಇನ್ನೊಂದು ನೇರ ಗೆರೆ. ರೈಲಿನ ಎರಡು ಹಳಿಗಳಂತೆ ಇವೆರಡೂ ಉದ್ದಕ್ಕೂ ಒಂದೇ ಅಂತರದಲ್ಲಿರಬೇಕು. ಶಾಫ್ಟನ್ನು ಲೇಥಿನಲ್ಲಿ ಸರಿಯಾಗಿ ಕೂರಿಸುವುದೆಂದರೆ ಇಷ್ಟೇ. ಗಿಡ್ಡ ತುಂಡಾದರೆ ಸಣ್ಣ ತಪ್ಪು ನಡೆದುಹೋಗುತ್ತದೆ. ಐದು ಅಡಿ ಶಾಫ್ಟಿನಲ್ಲಿ ಅದೇ ತಪ್ಪು ಬೆಳೆಯುತ್ತಾ ಹೋಗುತ್ತದೆ.

ಈಗ ಅರ್ಧದ ಲೆಕ್ಕಕ್ಕೆ ಬರೋಣ. ಟೇಲ್‌ಸ್ಟಾಕ್ ಟರ್ನರ್ ನಿಂತ ಕಡೆಗೆ, ಅಂದರೆ ಟೂಲಿನ ಕಡೆಗೆ 0.10 ಮಿಲಿಮೀಟರ್ ಸರಿದಿದೆ ಎನ್ನಿ. ಆಗ ಆ ತುದಿಯಲ್ಲಿ ಟೂಲ್ 0.10 ಹೆಚ್ಚು ಆಳಕ್ಕೆ ಹೋಗುತ್ತದೆ. ಆದರೆ ಶಾಫ್ಟ್ ತಿರುಗುತ್ತಿದೆಯಲ್ಲ, ಸುತ್ತಲೂ ಅಷ್ಟೇ ಆಳ ಹೋಗುತ್ತದೆ. ಈ ಬದಿಯಲ್ಲಿ 0.10, ಎದುರು ಬದಿಯಲ್ಲಿ 0.10 ಸೇರಿ ವ್ಯಾಸದಲ್ಲಿ 0.20 ಕಡಿಮೆಯಾಗುತ್ತದೆ. ಆದ್ದರಿಂದ ವ್ಯಾಸದಲ್ಲಿ ಕಂಡ ವ್ಯತ್ಯಾಸದ ಅರ್ಧವೇ ಟೇಲ್‌ಸ್ಟಾಕಿನ ತಪ್ಪು. ಡಯಲ್ ಗೇಜಿನಲ್ಲಿ ಒಂದು ಗೆರೆ ಎಂದರೆ 0.01 ಮಿಲಿಮೀಟರ್. ಕಾಕಾ ಹೇಳಿದ ಹತ್ತು ಗೆರೆ ಅಲ್ಲಿಂದ ಬಂತು.

ಇದನ್ನು ಕೇಳಿದಾಗ ನನಗೆ ನಗು ಬಂತು. ಏಕೆಂದರೆ ನಮ್ಮ ಬ್ಯಾಂಕಿನಲ್ಲಿಯೂ ಇದೇ ಲೆಕ್ಕ. ಲೆಡ್ಜರ್ ತಾಳೆ ನೋಡುವಾಗ 900 ರೂಪಾಯಿ ವ್ಯತ್ಯಾಸ ಬಂದರೆ ಮೊದಲು 900ರ ಕಲಮು ಎಲ್ಲಿಯಾದರೂ ಬಿಟ್ಟುಹೋಗಿದೆಯೇ ಎಂದು ಹುಡುಕುತ್ತಿದ್ದೆವು. ಸಿಗದಿದ್ದರೆ ಅದರ ಅರ್ಧ, 450ನ್ನು ಹುಡುಕುತ್ತಿದ್ದೆವು. ಖರ್ಚಿಗೆ ಬರೆಯಬೇಕಾದ 450 ತಪ್ಪಿ ಜಮೆಗೆ ಬಿದ್ದರೆ ವ್ಯತ್ಯಾಸ ಎರಡು ಪಟ್ಟಾಗಿ 900 ಕಾಣುತ್ತದೆ. ಕಾಕಾಗೆ ಇದನ್ನು ಹೇಳಿದೆ. "ಹೌದಲ್ರಿ! ಮರಾಠಿಯೊಳಗ ಅರ್ಧಂ ಘ್ಯಾ ಅಂದ್ರೂ ಅಷ್ಟ, ಕನ್ನಡದೊಳಗ ಅರ್ಧ ತಗೋ ಅಂದ್ರೂ ಅಷ್ಟ" ಎಂದರು.

ಮಾರನೆಯ ದಿನ ಮೂವರೂ ಆ ಮೊದಲ ಲೇಥ್ ಅಂಗಡಿಗೆ ಹೋದೆವು. ಅಲ್ಲಿನ ಟರ್ನರ್ ಇಪ್ಪತ್ತೆರಡರ ಹುಡುಗ. ಜಗಳಕ್ಕೆ ಬಂದರೆಂದು ಮುಖ ಗಂಟು ಹಾಕಿದ. ಕಾಕಾ ಅವನ ಹೆಗಲ ಮೇಲೆ ಕೈ ಇಟ್ಟು, "ತಮ್ಮಾ, ಜಗಳಾ ಬ್ಯಾಡ. ಒಂದ್ ಸರಳು ಹಚ್ಚು, ಅಳದ ನೋಡೂಣು" ಎಂದರು.

ಮೊದಲು ಬೆಡ್ ನೋಡಿದರು. ಇದು ಅನೇಕರು ಬಿಟ್ಟುಬಿಡುವ ಹೆಜ್ಜೆ. ಬೆಡ್ಡಿನ ಎರಡು ತುದಿಯಲ್ಲಿಯೂ ಸೂಕ್ಷ್ಮ ಸ್ಪಿರಿಟ್ ಲೆವೆಲ್ಲನ್ನು ಅಡ್ಡಲಾಗಿ ಇಟ್ಟು ನೋಡಬೇಕು. ಎರಡೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲಬೇಕು. ಇಡೀ ಲೇಥ್ ಒಂದು ಕಡೆಗೆ ತುಸು ವಾಲಿದ್ದರೆ ಅಡ್ಡಿಯಿಲ್ಲ. ಅಲೆಯ ಮೇಲೆ ತೂಗಾಡುವ ಹಡಗಿನಲ್ಲಿಯೂ ಲೇಥ್ ಕೆಲಸ ಮಾಡುತ್ತದೆ. ಆದರೆ ಒದ್ದೆ ಬಟ್ಟೆ ಹಿಂಡಿದಂತೆ ಬೆಡ್ ತಿರುಚಿರಬಾರದು. ತಿರುಚಿದರೆ ಟೂಲಿನ ದಾರಿಯೇ ಓರೆಯಾಗುತ್ತದೆ. ನಮ್ಮದು ಕರಿಮಣ್ಣಿನ ಸೀಮೆ. ಮಳೆಗಾಲದಲ್ಲಿ ನೆಲ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಬುನಾದಿ ಗಟ್ಟಿಯಿಲ್ಲದಿದ್ದರೆ ಲೇಥಿನ ಕಾಲು ಏರಿಳಿಯುತ್ತದೆ. ಆದ್ದರಿಂದ ಮಳೆ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ಲೆವೆಲ್ ನೋಡುವುದು ಒಳ್ಳೆಯದು. ಇನ್ನೂ ಒಂದು ಪರೀಕ್ಷೆ ಇದೆ. ದಪ್ಪನೆಯ ತುಂಡನ್ನು ಚಕ್ಕಿನಲ್ಲಿ ಮಾತ್ರ ಹಿಡಿದು, ಟೇಲ್‌ಸ್ಟಾಕ್ ಮುಟ್ಟಿಸದೆ, ಒಂದು ಗೇಣಿನಷ್ಟು ಹೊರಗೆ ಬಿಟ್ಟು ತೆಳುವಾಗಿ ಕಡೆಯಬೇಕು. ಅದರ ಎರಡು ತುದಿ ಒಂದೇ ಅಳತೆ ಬಂದರೆ ಬೆಡ್ ಮತ್ತು ಹೆಡ್‌ಸ್ಟಾಕ್ ಸರಿಯಿವೆ. ಆಮೇಲೆಯೇ ಟೇಲ್‌ಸ್ಟಾಕಿಗೆ ಕೈ ಹಾಕಬೇಕು. ಒಂದರ ತಪ್ಪನ್ನು ಇನ್ನೊಂದರಿಂದ ಮುಚ್ಚಬಾರದು.

ಆ ಲೇಥಿನ ಬೆಡ್ ಸರಿಯಾಗಿತ್ತು. ನಂತರ 1500 ಮಿಲಿಮೀಟರ್ ಉದ್ದದ ಸರಳನ್ನು ಎರಡು ಸೆಂಟರುಗಳ ನಡುವೆ ಹಿಡಿದರು. ಹೆಡ್‌ಸ್ಟಾಕ್ ಹತ್ತಿರ ಎರಡು ಬೆರಳು ಅಗಲದ ಒಂದು ಪಟ್ಟಿ, ಅಲ್ಲಿಂದ 1200 ಮಿಲಿಮೀಟರ್ ಆಚೆಗೆ ಟೇಲ್‌ಸ್ಟಾಕ್ ಹತ್ತಿರ ಇನ್ನೊಂದು ಪಟ್ಟಿ ಕಡೆದರು. ನಡುವೆ ಟೂಲಿನ ಆಳವನ್ನು ಕೂದಲೆಳೆಯಷ್ಟೂ ಬದಲಿಸಲಿಲ್ಲ. ಅಳೆದರೆ ಮೊದಲ ಪಟ್ಟಿ 42.30, ಎರಡನೆಯದು 42.14. ವ್ಯತ್ಯಾಸ 0.16. ಅದರ ಅರ್ಧ 0.08. ಇದು 1200 ಮಿಲಿಮೀಟರ್ ದೂರದಲ್ಲಿ ಬಂದ ತಪ್ಪು. ಪೂರ್ತಿ ಉದ್ದ 1500 ಇರುವುದರಿಂದ 0.08ನ್ನು 1500ರಿಂದ ಗುಣಿಸಿ 1200ರಿಂದ ಭಾಗಿಸಬೇಕು. 0.10 ಬಂತು. ಅದೇ ಹತ್ತು ಗೆರೆ!

ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ತಾನೇ ಹೇಳಿದ. ಆ ಶಾಫ್ಟ್ ಮಾಡುವ ಮುಂಚೆ ಯಾರದೋ ಒಂದು ಟೇಪರ್ ಕೆಲಸ ಬಂದಿತ್ತಂತೆ. ಟೇಪರ್ ಎಂದರೆ ಒಂದು ತುದಿ ಬೇಕೆಂದೇ ಸಣ್ಣದಾಗಿರುವ ತುಂಡು. ಅದಕ್ಕಾಗಿ ಟೇಲ್‌ಸ್ಟಾಕನ್ನು ಬೇಕೆಂದೇ ಸರಿಸಿ, ಕೆಲಸ ಮುಗಿದ ಮೇಲೆ ತಳದ ಗುರುತಿಗೆ ಗುರುತು ಕೂಡಿಸಿ ಬಿಗಿದಿದ್ದ. ಗುರುತು ಕಣ್ಣಿನ ಅಂದಾಜಿಗೆ ಇರುವುದು. ಹತ್ತು ಗೆರೆಯ ತಪ್ಪು ಅದರಲ್ಲಿ ಕಾಣುವುದಿಲ್ಲ. ಅವನು ಮೋಸ ಮಾಡಿರಲಿಲ್ಲ, ಅಳೆದು ನೋಡಿರಲಿಲ್ಲ ಅಷ್ಟೇ.

ಸರಿಪಡಿಸುವ ಕ್ರಮವೂ ಹೀಗೆಯೇ. ಟೇಲ್‌ಸ್ಟಾಕಿನ ಪಕ್ಕಕ್ಕೆ ಡಯಲ್ ಗೇಜ್ ಆನಿಸಿ ಸೊನ್ನೆಗೆ ಇಡಬೇಕು. ಬಿಗಿ ಸಡಿಲಿಸಿ, ಬದಿಯ ಒಂದು ಸ್ಕ್ರೂ ಬಿಚ್ಚುತ್ತಾ ಎದುರಿನದನ್ನು ತಿರುಗಿಸುತ್ತಾ ಬೇಕಾದಷ್ಟು ಗೆರೆ ಸರಿಸಬೇಕು. ಟೇಲ್‌ಸ್ಟಾಕ್ ಕಡೆಯ ತುದಿ ತೆಳುವಾಗಿದ್ದರೆ ಟರ್ನರನಿಂದ ಆಚೆಗೆ, ದಪ್ಪಗಿದ್ದರೆ ಟರ್ನರನ ಕಡೆಗೆ. ಮತ್ತೆ ಬಿಗಿದಾಗ ಒಂದೆರಡು ಗೆರೆ ಸರಿಯುವುದುಂಟು. ಆದ್ದರಿಂದ ಬಿಗಿದ ಮೇಲೆ ಗೇಜ್ ನೋಡಬೇಕು, ಮತ್ತೊಮ್ಮೆ ಪಟ್ಟಿ ಕಡೆದು ಅಳೆಯಬೇಕು. ಟೇಲ್‌ಸ್ಟಾಕ್ ಎತ್ತರದಲ್ಲಿ ತುಸು ಹೆಚ್ಚುಕಡಿಮೆ ಇದ್ದರೆ ವ್ಯಾಸಕ್ಕೆ ಅಷ್ಟು ಪೆಟ್ಟಿಲ್ಲ. ಪಕ್ಕಕ್ಕೆ 0.10 ಸರಿದರೆ ವ್ಯಾಸ 0.20 ಕೆಡುತ್ತದೆ. ಅದೇ 0.10 ಮೇಲಕ್ಕೆ ಸರಿದರೆ 40 ಮಿಲಿಮೀಟರ್ ಶಾಫ್ಟಿನ ವ್ಯಾಸದಲ್ಲಿ ಸಾವಿರದ ಒಂದು ಮಿಲಿಮೀಟರಿನಷ್ಟೂ ಬದಲಾಗದು.

ಚಕ್ಕಿನಲ್ಲಿ ಹಿಡಿಯುವವರಿಗೂ ಅರ್ಧದ ಲೆಕ್ಕವೇ. ನಾಲ್ಕು ದವಡೆಯ ಚಕ್ಕಿನಲ್ಲಿ ಸರಳು ಹಿಡಿದು, ಡಯಲ್ ಗೇಜ್ ಮುಟ್ಟಿಸಿ ಕೈಯಿಂದ ನಿಧಾನಕ್ಕೆ ತಿರುಗಿಸಿದಾಗ ಮುಳ್ಳು 60 ಗೆರೆ ಆಡಿತು ಎನ್ನಿ. ಸರಳು ನಡುವಿನಿಂದ ಸರಿದಿರುವುದು 60 ಅಲ್ಲ, 30 ಮಾತ್ರ. ಅರವತ್ತೂ ಗೆರೆ ಸರಿಸಿದರೆ ಇನ್ನೊಂದು ಕಡೆಗೆ ಅಷ್ಟೇ ತಪ್ಪು ಬರುತ್ತದೆ. ಇನ್ನೊಂದು ಎಚ್ಚರಿಕೆ. ಉದ್ದ ಶಾಫ್ಟನ್ನು ಚಕ್ಕಿನ ದವಡೆಯಲ್ಲಿ ಆಳವಾಗಿ ಕಚ್ಚಿಸಿ, ಆ ತುದಿಗೆ ಸೆಂಟರ್ ಕೊಟ್ಟರೆ ಎರಡೂ ಕಡೆ ಎಳೆದಾಡಿ ಶಾಫ್ಟ್ ಬಾಗುತ್ತದೆ. ದವಡೆಯಲ್ಲಿ ಸ್ವಲ್ಪವೇ ಹಿಡಿಯಬೇಕು. ಕಾಕಾ ಶಾಫ್ಟಿಗೆ ಒಂದು ಸುತ್ತು ತಾಮ್ರದ ತಂತಿ ಸುತ್ತಿ ಅದರ ಮೇಲೆ ದವಡೆ ಬಿಗಿಯುತ್ತಿದ್ದರು. ಆಗ ಶಾಫ್ಟ್ ತನ್ನ ದಾರಿಗೆ ತಾನು ಹೊಂದಿಕೊಳ್ಳುತ್ತದೆ.

ಎರಡು ತುದಿ ಸರಿಯಾದರೆ ಮುಗಿಯಿತೆ? ಇಲ್ಲ. ನಡುವಿನ ಮಾತು ಇನ್ನೂ ಇದೆ. 40 ಮಿಲಿಮೀಟರ್ ದಪ್ಪ, 1500 ಉದ್ದದ ಉಕ್ಕಿನ ಶಾಫ್ಟ್ ಹದಿನೈದು ಕಿಲೋ ಹತ್ತಿರ ತೂಗುತ್ತದೆ. ಎರಡು ತುದಿಗಳ ಮೇಲೆ ಇಟ್ಟರೆ ತನ್ನ ಭಾರಕ್ಕೇ ನಡುವೆ ಕಾಲು ಮಿಲಿಮೀಟರ್ ಜೋಲುತ್ತದೆ. ಟೂಲ್ ನಡುವೆ ಹತ್ತು ಕಿಲೋ ಭಾರದಷ್ಟು ಒತ್ತಿದರೆ ಹಿಂದಕ್ಕೂ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು ಸರಿಯಬಲ್ಲದು. ಟೂಲಿನಿಂದ ತಪ್ಪಿಸಿಕೊಂಡ ಜಾಗದಲ್ಲಿ ಕಬ್ಬಿಣ ಕಡಿಮೆ ಕತ್ತರಿಸುತ್ತದೆ. ಹೀಗಾಗಿ ತುದಿಗಳು ಸರಿಯಿದ್ದರೂ ನಡುಭಾಗ ದಪ್ಪವಾಗಿ ಮೃದಂಗದ ಆಕಾರ ಬರುತ್ತದೆ. ಉದ್ದ ಎರಡು ಪಟ್ಟಾದರೆ ಭಾರದ ಜೋಲು ಹದಿನಾರು ಪಟ್ಟು, ಟೂಲಿನ ಒತ್ತಿಗೆ ಬಾಗುವುದು ಎಂಟು ಪಟ್ಟು. ಉದ್ದ ಶಾಫ್ಟನ್ನು ಗಿಡ್ಡ ತುಂಡಿನಂತೆ ಕಡೆಯಬಾರದು ಎನ್ನುವುದು ಇದಕ್ಕಾಗಿ.

ದಪ್ಪದ ಹತ್ತು ಹನ್ನೆರಡು ಪಟ್ಟಿಗಿಂತ ಉದ್ದವಿದ್ದರೆ ನಡುವೆ ಆಧಾರ ಕೊಡುವುದು ವಾಡಿಕೆ. ಇದಕ್ಕೆ ಸ್ಟೆಡಿ ಎಂಬ ಮೂರು ಬೆರಳಿನ ಚೌಕಟ್ಟು ಇದೆ. ಅದನ್ನು ಬೆಡ್ಡಿಗೆ ಬಿಗಿಯುತ್ತಾರೆ. ಕ್ಯಾರೇಜಿನ ಜೊತೆಯೇ ಓಡುತ್ತಾ ಟೂಲಿನ ಬೆನ್ನಿಗಿರುವ ಇನ್ನೊಂದು ಬಗೆಯೂ ಉಂಟು. ಸ್ಟೆಡಿ ಕೂರಿಸುವ ಜಾಗದಲ್ಲಿ ಮೊದಲು ನಿಧಾನವಾಗಿ ತೆಳು ಪಟ್ಟಿ ಕಡೆದು ದುಂಡಗೆ ಮಾಡಿಕೊಳ್ಳಬೇಕು. ದುಂಡಗಿಲ್ಲದ ಮೈಮೇಲೆ ಬೆರಳು ಇಟ್ಟರೆ ಆ ಕುಣಿತವೇ ಮುಂದಿನ ಕಡೆತಕ್ಕೂ ಬರುತ್ತದೆ. ಆಮೇಲೆ ಶಾಫ್ಟಿನ ಪಕ್ಕಕ್ಕೆ ಒಂದು, ಮೇಲಕ್ಕೆ ಒಂದು ಡಯಲ್ ಗೇಜ್ ಇಟ್ಟು ಬೆರಳುಗಳನ್ನು ಒಂದೊಂದಾಗಿ ತರಬೇಕು. ಬೆರಳು ಶಾಫ್ಟನ್ನು ಮುಟ್ಟಬೇಕು, ತಳ್ಳಬಾರದು. ಗೇಜಿನ ಮುಳ್ಳು ಅಲುಗಿದರೆ ತಳ್ಳಿದೆ ಎಂದರ್ಥ. ಬೆರಳುಗಳಿಗೆ ಎಣ್ಣೆ ತಪ್ಪಬಾರದು. ಕೊನೆಯ ಕಡೆತ ತೆಳುವಾಗಿರಬೇಕು, ಟೂಲ್ ಹರಿತವಾಗಿರಬೇಕು.

ಕಾವಿನ ಲೆಕ್ಕವನ್ನೂ ಮರೆಯಬಾರದು. ಕಡೆಯುವಾಗ 1500 ಮಿಲಿಮೀಟರ್ ಶಾಫ್ಟಿನ ಕಾವು 20 ಡಿಗ್ರಿ ಏರಿದರೆ ಅದು 0.36 ಮಿಲಿಮೀಟರ್ ಉದ್ದವಾಗುತ್ತದೆ. ಎರಡು ಸೆಂಟರುಗಳ ನಡುವೆ ಜಾಗವಿಲ್ಲದೆ ಬಿಲ್ಲಿನಂತೆ ಬಾಗುತ್ತದೆ. ಅದಕ್ಕೆ ನಡುನಡುವೆ ಯಂತ್ರ ನಿಲ್ಲಿಸಿ ಸೆಂಟರನ್ನು ಸಡಿಲಿಸಿ ಮತ್ತೆ ಹದವಾಗಿ ಮುಟ್ಟಿಸಬೇಕು. ಕೊನೆಯ ಅಳತೆಯನ್ನು ಶಾಫ್ಟ್ ತಣ್ಣಗಾದ ಮೇಲೆಯೇ ನೋಡಬೇಕು.

ಜೀವದ ಮಾತು ಒಂದನ್ನು ಹೇಳಲೇಬೇಕು. ಉದ್ದ ಸರಳು ಹೆಡ್‌ಸ್ಟಾಕಿನ ಹಿಂದಿನಿಂದ ಆಧಾರವಿಲ್ಲದೆ ಹೊರಗೆ ಚಾಚಿಕೊಂಡಿರುವಾಗ ಯಂತ್ರ ಜೋರಾಗಿ ಓಡಿಸಬೇಡಿ. ಸರಳು ಬಾಗಿ ಚಾಟಿಯಂತೆ ಬೀಸುತ್ತದೆ, ಹತ್ತಿರ ಇದ್ದವರ ಪ್ರಾಣಕ್ಕೇ ಅಪಾಯ. ತಿರುಗುವ ಶಾಫ್ಟಿನ ಹತ್ತಿರ ಕೈಗವಸು, ಸಡಿಲ ತೋಳು, ಕೊರಳಿನ ಟವೆಲ್ ಯಾವುದೂ ಬೇಡ. ಡಯಲ್ ಗೇಜಿನ ಕೆಲಸವನ್ನು ಕೈಯಿಂದ ತಿರುಗಿಸಿಯೇ ಮಾಡಿ.

ಆ ಹುಡುಗ ಕಾಕಾ ಎದುರಿಗೇ ಟೇಲ್‌ಸ್ಟಾಕ್ ಸರಿಪಡಿಸಿದ. ಕಬ್ಬಿಣದ ದುಡ್ಡು ಮಾತ್ರ ತೆಗೆದುಕೊಂಡು, ಕೂಲಿ ಇಲ್ಲದೆ ಹೊಸ ಶಾಫ್ಟ್ ಮಾಡಿಕೊಟ್ಟ. ಅದರ ಎರಡು ತುದಿಗಳ ನಡುವೆ ಒಂದೇ ಗೆರೆಯ ವ್ಯತ್ಯಾಸವಿತ್ತು. ಮಗ್ಗ ಮತ್ತೆ ಓಡಿತು. ಬಾಕಿ ಎರಡು ಕಂತು ದೀಪಾವಳಿಗೆ ಮುಂಚೆ ಜಮೆಯಾದವು. ಅದನ್ನು ಲೆಡ್ಜರಿಗೆ ಬರೆದವನೂ ನಾನೇ.

ಕೇಳುಗ ಬಂಧುಗಳೇ, ನಿಮ್ಮ ಪಂಪಿನದೋ ಮಗ್ಗದ್ದೋ ಉದ್ದ ಶಾಫ್ಟ್ ಮಾಡಿಸಲು ಹೋದಾಗ ಟರ್ನರನನ್ನು ಮೂರು ಮಾತು ಕೇಳಿ. ಎರಡೂ ತುದಿಯ ಅಳತೆ ನನ್ನೆದುರಿಗೆ ತೋರಿಸುತ್ತೀಯಾ? ನಡುವೆ ಸ್ಟೆಡಿ ಕೊಡುತ್ತೀಯಾ? ತಣ್ಣಗಾದ ಮೇಲೆ ಅಳೆಯುತ್ತೀಯಾ? ಒಳ್ಳೆಯ ಟರ್ನರ್ ಇದಕ್ಕೆ ಸಿಟ್ಟಾಗುವುದಿಲ್ಲ. ಮತ್ತು ಅವನು ಶಾಫ್ಟ್ ಹೊಂದಿಸುತ್ತಾ ಒಂದು ತಾಸು ಸುಮ್ಮನೆ ಕಾಲ ಕಳೆಯುತ್ತಿದ್ದಾನೆ ಎಂದು ನಿಮಗೆ ಅನಿಸಿದರೆ ಅವಸರ ಮಾಡಬೇಡಿ. ಕಾಕಾ ಹೇಳುತ್ತಿದ್ದಂತೆ, ಕಡೆಯುವುದು ಕಾಲು ಪಾಲು ಕೆಲಸ, ಹಿಡಿಯುವುದು ಮುಕ್ಕಾಲು ಪಾಲು. ಕೂಲಿ ಕೊಡುವಾಗ ಆ ಮುಕ್ಕಾಲು ಪಾಲನ್ನೂ ಲೆಕ್ಕಕ್ಕೆ ಹಿಡಿಯಿರಿ.